ತೆರೆದಿದ್ದ ಪತ್ರ

1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಮುಂಬಯಿಯ ಜನರಿಗೆ ಇಂಟರ್‌ನೆಟ್ ಕೊಟ್ಟಿತು. ನಾನು ಮೌಸ್ ಹಿಡಿದದ್ದು 2003ರಲ್ಲಿ, ಡೊಂಬಿವಲಿ ಸ್ಟೇಶನ್ ಹತ್ತಿರದ ಸೈಬರ್ ಕೆಫೆಯಲ್ಲಿ. ಊರಿನ ಪೇಪರ್ ಓದುವ ಆಸೆಗೆ. ವಿಳಾಸ ಎಲ್ಲಿ ಟೈಪ್ ಮಾಡಬೇಕು, ಹಿಂದಿನ ಪುಟಕ್ಕೆ ಯಾವ ಬಾಣ ಒತ್ತಬೇಕು ಅಂತ ಅಲ್ಲಿಯ ಹುಡುಗ ಹೇಳಿಕೊಟ್ಟ. ಬಾಣ ಒತ್ತಿದೆ. ನನಗಿಂತ ಮುಂಚೆ ಕೂತವನ ಮೇಲ್ ಬಂತು! ಲಾಗ್‌ಔಟ್ ಮಾಡದೆ ಎದ್ದುಹೋಗಿದ್ದ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಅಣ್ಣನಿಗೆ ಸಾಲ ಕೇಳಿದ ಪತ್ರ. ಕನ್ನಡ ಕಂಡ ಖುಷಿಗೆ ಪೂರ್ತಿ ಓದಿಬಿಟ್ಟೆ.

ಬ್ಯಾಂಕ್ ಸೇರಿದ ದಿನ ಗೋಪ್ಯತೆಯ ಪ್ರಮಾಣಕ್ಕೆ ಸಹಿ ಹಾಕಿದವನು ನಾನು. ಯಾರ ಖಾತೆಯಲ್ಲಿ ಎಷ್ಟಿದೆಯೆಂದು ಹೆಂಡತಿಗೂ ಹೇಳಿದವನಲ್ಲ. ಆ ನಿಷ್ಠೆ ನನ್ನದೋ, ನೌಕರಿಯ ಭಯದ್ದೋ? ಊರಲ್ಲಿ ನಮ್ಮ ಮನೆಯ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಆದರೂ ಬಂದವರು ಜಗಲಿಯಲ್ಲಿ ನಿಂತು ಕೂಗಿಯೇ ಒಳಗೆ ಬರುತ್ತಿದ್ದರು.

ಆಮೇಲೆ ಹುಡುಗನನ್ನು ಕೇಳಿ ಲಾಗ್‌ಔಟ್ ಮಾಡಿದೆ. ಈಗ ನಮ್ಮ ಸೊಸೈಟಿಯ ಹಿರಿಯರಿಗೆ ಬ್ರೌಸರ್ ಕಲಿಸುವಾಗ ಹೇಳುತ್ತೇನೆ: ಎದ್ದುಹೋಗುವ ಮುಂಚೆ ಲಾಗ್‌ಔಟ್ ಮಾಡಿ, ಬೇರೆಯವರದು ತೆರೆದಿದ್ದರೆ ಓದದೆ ಮುಚ್ಚಿ. ಹೇಳುವಾಗಲೆಲ್ಲ, ಆ ಅಣ್ಣ ದುಡ್ಡು ಕಳಿಸಿದನೋ ಇಲ್ಲವೋ ಅನಿಸುತ್ತದೆ. ಅದನ್ನು ತಿಳಿಯುವ ಹಕ್ಕೂ ನನಗಿಲ್ಲ.