ಕಸಕ್ಕೆ ಒಡೆಯರು ಯಾರು?

ಒಂದು ವಸ್ತುವನ್ನು ಕಸವೆಂದು ಕರೆಯುವ ಅಧಿಕಾರ ಯಾರಿಗೆ ಸೇರಿದ್ದು? ಪೇಟೆಯಲ್ಲಿ ವಾಸಿಸುವ ನಮಗೆ ಈ ಪ್ರಶ್ನೆ ವಿಚಿತ್ರವಾಗಿ ತೋರಬಹುದು. ಮನೆಗೆ ಬೇಡವಾದದ್ದನ್ನು ಬೆಳಗಾದರೆ ಬಾಗಿಲಾಚೆ ಇಟ್ಟುಬಿಡುತ್ತೇವೆ; ಅಲ್ಲಿಗೆ ಅದರ ಋಣ ತೀರಿತು. ಆದರೆ ಬೆಳೆಯ ಉಳಿಕೆಗಳಿಂದ ಅನಿಲವನ್ನು ತೆಗೆದು ವಿದ್ಯುತ್ತನ್ನು ಪಡೆಯುವ ಮಾತು ಬಂದಾಗಲೆಲ್ಲ ನನ್ನನ್ನು ಈ ಪ್ರಶ್ನೆ ಕಾಡುತ್ತದೆ.

ಆ ವಿದ್ಯೆಯ ತತ್ತ್ವವೇನೋ ಸರಳವಾದದ್ದೇ. ಸೌದೆಯ ಚೂರು, ತೆಂಗಿನ ಚಿಪ್ಪು, ಬತ್ತದ ಹೊಟ್ಟು ಮುಂತಾದವನ್ನು, ಪೂರ್ತಿ ಉರಿಯುವುದಕ್ಕೆ ಸಾಲದಷ್ಟು ಗಾಳಿ ಕೊಟ್ಟು ಉರಿಸುತ್ತಾರೆ. ಹಾಗೆ ಹುಟ್ಟಿದ ಆವಿ, ಹೊಗೆಗಳು ಕೆಂಡದ ರಾಶಿಯ ಮೂಲಕ ಹಾಯ್ದು ಹೊರಬಂದಾಗ ಅವುಗಳಲ್ಲಿ ಉರಿಯಬಲ್ಲ ಕಾರ್ಬನ್ ಮೊನಾಕ್ಸೈಡೂ ಜಲಜನಕವೂ ಸೇರಿರುತ್ತವೆ. ಸುಮಾರು ಅರ್ಧಭಾಗ ಮಾತ್ರ ಗಾಳಿಯೊಡನೆ ಬಂದ ಸಾರಜನಕ. ಆ ಅನಿಲವನ್ನು ಆರಿಸಿ, ಅದರ ಟಾರನ್ನು ತೆಗೆದರೆ ಅದರಿಂದ ಎಂಜಿನ್ ನಡೆಸಬಹುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವವಾದಾಗ ನಮ್ಮ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದ್ದುಂಟು. ಒಂದು ಯೂನಿಟ್ ವಿದ್ಯುತ್ತಿಗೆ ಒಂದರಿಂದ ಒಂದೂವರೆ ಕಿಲೋಗ್ರಾಂ ಒಣ ಉರುವಲು ಸಾಕು. ಯೋಜನೆಯ ಲೆಕ್ಕದಲ್ಲಿ ಈ ಉರುವಲಿನ ಎದುರಿಗೆ ‘ಅಗ್ಗ’ ಎಂದು ಬರೆದಿರುತ್ತಾರೆ.

ಅಗ್ಗ, ಆದರೆ ಯಾರಿಗೆ? ಕಲಬುರಗಿಯ ಕಡೆ ತೊಗರಿಯ ಕಟ್ಟಿಗೆ ಬಡವರ ಒಲೆಗೆ ಉರುವಲು. ರಾಗಿಯ ಹುಲ್ಲು ದನಕ್ಕೆ ಮೇವು. ಹೊಲದಲ್ಲಿಯೇ ಬಿದ್ದು ಕೊಳೆಯುವ ಎಲೆ, ಬೇರು ಮಣ್ಣಿಗೆ ಆಹಾರ. ಇವಕ್ಕೆ ಬೆಲೆಯಿಲ್ಲವೆಂದರೆ, ಇವುಗಳ ಸಲುವಾಗಿ ಹಣ ಕೈಯಿಂದ ಕೈಗೆ ಹೋಗಿಲ್ಲವೆಂದಷ್ಟೇ ಅರ್ಥ. ಕೊಯ್ಲು ಮುಗಿದ ಹೊಲದಿಂದ ಕೂಲಿಯ ಹೆಂಗಸೊಬ್ಬಳು ಒಂದು ಹೊರೆ ಕಟ್ಟಿಗೆ ಹೊತ್ತೊಯ್ದರೆ ಹೊಲದ ಯಜಮಾನ ಸಾಮಾನ್ಯವಾಗಿ ಆಕ್ಷೇಪಿಸುವುದಿಲ್ಲ. ಅದೇ ಕಟ್ಟಿಗೆಯನ್ನು ತೂಕಕ್ಕೆ ಕೊಳ್ಳುವ ಲಾರಿ ಊರಿಗೆ ಬಂದಿತೆನ್ನಿ; ಅಂದಿನಿಂದ ಆ ಹೊರೆ ಕಳವು ಎನ್ನಿಸಿಕೊಳ್ಳುತ್ತದೆ. ಕಾನೂನು ಯಜಮಾನನ ಪರವಾಗಿಯೇ ಇದೆ. ಅವನಿಗೆ ನಾಲ್ಕು ಕಾಸು ಬಂದರೆ ನಮಗೇನೂ ಹೊಟ್ಟೆಯುರಿಯಿಲ್ಲ. ಆದರೆ ಆ ಹೆಂಗಸಿನ ಹಕ್ಕು ಯಾವ ಕಾಗದದಲ್ಲಿಯೂ ಇರಲಿಲ್ಲವಾದ್ದರಿಂದ, ಅವಳು ಕಳೆದುಕೊಂಡದ್ದು ಯಾವ ಲೆಕ್ಕದಲ್ಲಿಯೂ ಕಾಣುವುದಿಲ್ಲ.

ಹಾಗೆಂದು ಈ ವಿದ್ಯೆಯೇ ಬೇಡವೆನ್ನುವುದು ಅವಿವೇಕವಾದೀತು. ಪಂಜಾಬು, ಹರಿಯಾಣಗಳ ಗದ್ದೆಗಳಲ್ಲಿ ಬತ್ತದ ಕೂಳೆಗೆ ಬೆಂಕಿಯಿಟ್ಟು ದಿಲ್ಲಿಯವರೆಗೆ ಹೊಗೆ ಕವಿಸುವುದಕ್ಕಿಂತ ಅದರಿಂದ ದೀಪ ಉರಿಸುವುದು ಎಷ್ಟೋ ಮೇಲು. ಬತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟು. ಮೇವಾಗಿ ಅದು ಅಷ್ಟಕ್ಕಷ್ಟೆ. ಅಂಥ ಹೊಟ್ಟಿನ ಅನಿಲದಿಂದ 2007ರಲ್ಲಿ ಬಿಹಾರದ ತಮಕುಹಾ ಎಂಬ ಹಳ್ಳಿಯಲ್ಲಿ ದೀಪಗಳು ಹೊತ್ತಿಕೊಂಡವು. ಕತ್ತಲೆಯಲ್ಲಿದ್ದವರಿಗೆ ಬೆಳಕು ಸಣ್ಣ ಮಾತಲ್ಲ.

ಆದರೂ ನನ್ನ ಮನಸ್ಸು ಒಲಿಯುವುದು ತುಮಕೂರು ಜಿಲ್ಲೆಯ ಹೊಸಹಳ್ಳಿಯ ಪ್ರಯೋಗಕ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರದವರು 1988ರಲ್ಲಿ ಅಲ್ಲಿ ಇಂಥ ಯಂತ್ರವನ್ನು ನಡೆಸತೊಡಗಿದರು. ಮನೆಗಳಿಗೆ ದೀಪ, ಕುಡಿಯಲು ನೀರು, ಹಿಟ್ಟಿನ ಗಿರಣಿ ಎಲ್ಲವೂ ಕ್ರಮೇಣ ಅದರಿಂದ ನಡೆದವು. ಅದಕ್ಕೆ ಬೇಕಾದ ಸೌದೆಗೆಂದೇ ಮರಗಳ ತೋಪನ್ನು ಬೆಳೆಸಿದರು. ಬೇಕಾದದ್ದನ್ನು ತಾವೇ ಬೆಳೆದು ಉರಿಸುವುದರಲ್ಲಿ, ಉರಿದದ್ದರ ಬೆಳಕು ಅದೇ ಊರಿನಲ್ಲಿ ಉಳಿಯುವುದರಲ್ಲಿ, ಒಂದು ನ್ಯಾಯವಿದೆ.

ಎಲ್ಲ ಕಡೆಯೂ ಹಾಗೆ ನಡೆಯಲಾರದು, ನಿಜ. ಆದರೆ ಕಸವನ್ನು ತೂಗುವ ಮೊದಲು ಅದು ಈವರೆಗೆ ಯಾರ ಹೊಟ್ಟೆಗೆ, ಯಾವ ಒಲೆಗೆ, ಯಾವ ಹೊಲಕ್ಕೆ ಹೋಗುತ್ತಿತ್ತೆಂದು ವಿಚಾರಿಸುವುದು ಎಲ್ಲರಿಂದಲೂ ಆಗುವ ಕೆಲಸ. ಉಳಿದ ಬೂದಿಯಾದರೂ ಹೊಲಕ್ಕೆ ಹಿಂದಿರುಗಲಿ. ಹೊತ್ತಿಕೊಂಡ ದೀಪಗಳಲ್ಲಿ ಒಂದಾದರೂ ಆ ಹೊರೆ ಹೊತ್ತ ಹೆಂಗಸಿನ ಮನೆಯಲ್ಲಿರಲಿ.