ಬಾರದವಳ ಪಾಲು

ಗೆಳತಿಯೊಬ್ಬಳಿಗೆ ನಾನು 5600 ಅಂಕ ಕೊಡಲಿಲ್ಲ. ಪರೀಕ್ಷೆಯ ಅಂಕವಲ್ಲ. ಎಲ್ಲಿಯೂ ನಗದಾಗದ, ಪೆನ್ಸಿಲ್ಲಿನಲ್ಲಿ ಬರೆದು ರಬ್ಬರಿನಲ್ಲಿ ಅಳಿಸುವ ಅಂಕ. ಕೊಟ್ಟಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೂ ಕೊಡಲಿಲ್ಲ, ಮತ್ತು ಕೊಡದೆ ಇದ್ದದ್ದು ನ್ಯಾಯ ಎಂದು ಆರು ತಿಂಗಳು ನಂಬಿಕೊಂಡಿದ್ದೆ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ನಾನು ಅಮೆರಿಕದ ಮಧ್ಯಪಶ್ಚಿಮದ ಒಂದು ಊರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮಣ್ಣಿನಲ್ಲಿರುವ ಸಾರಜನಕದ ಬಗ್ಗೆ. ಇಲ್ಲಿಯ ಉದ್ದನೆಯ ಚಳಿಗಾಲದಲ್ಲಿ ಭಾನುವಾರ ಸಂಜೆ ಐದಾರು ಜನ ಮೇಜಿನ ಸುತ್ತ ಕೂತು ಒಂದು ಕತೆಯನ್ನು ಒಟ್ಟಿಗೆ ಕಟ್ಟುವುದು ನಮ್ಮ ಕಡೆಯ ಕಟ್ಟೆ ಹರಟೆಯಷ್ಟೇ ಸಹಜ. ಒಬ್ಬರು ಸೂತ್ರಧಾರ, ಕಾಡು, ಕೋಟೆ, ಶತ್ರು ಎಲ್ಲವೂ ಅವರ ಕೈಯಲ್ಲಿ. ಉಳಿದವರಿಗೆ ತಲಾ ಒಂದೊಂದು ಪಾತ್ರ. ಏನು ಮಾಡುತ್ತೇನೆಂದು ಬಾಯಲ್ಲಿ ಹೇಳಬೇಕು, ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ರಾತ್ರಿಯ ಕೊನೆಗೆ ಸೂತ್ರಧಾರ ಎಲ್ಲರಿಗೂ ಅಂಕ ಹಂಚುತ್ತಾನೆ. ಇಂಗ್ಲಿಷಿನಲ್ಲಿ ಅದಕ್ಕೆ ಎಕ್ಸ್‌ಪೀರಿಯನ್ಸ್ ಪಾಯಿಂಟ್ ಎನ್ನುತ್ತಾರೆ, ಅನುಭವದ ಅಂಕ. ಅಂಕ ಕೂಡಿದ ಹಾಗೆ ಪಾತ್ರದ ಲೆವೆಲ್ ಏರುತ್ತದೆ: 300ಕ್ಕೆ ಎರಡನೆಯದು, 900ಕ್ಕೆ ಮೂರು, 2700ಕ್ಕೆ ನಾಲ್ಕು, 6500ಕ್ಕೆ ಐದು.

ಅನುಭವವನ್ನು ಎಣಿಸಿ ಕೊಡಬಹುದು ಎಂಬ ಯೋಚನೆಯೇ ಮೊದಮೊದಲು ನನಗೆ ತಮಾಷೆಯಾಗಿ ಕಂಡಿತ್ತು. ಕನ್ನಡದಲ್ಲಿ ನಾವು ಸುಖವನ್ನೂ ಅನುಭವಿಸುತ್ತೇವೆ, ಕಷ್ಟವನ್ನೂ ಅನುಭವಿಸುತ್ತೇವೆ. ಬೇರೆಯವರು ಅದನ್ನು ಅಳೆದು ಸೇರಿನಲ್ಲಿ ಸುರಿಯುವುದು ಹೇಗೆ? ಆದರೆ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಹೊರಬಂದಾಗ ಅಳತೆಗೋಲು ಇನ್ನೂ ವಿಚಿತ್ರವಾಗಿತ್ತು. ಆಗ ಹೆಚ್ಚಿನ ಅಂಕ ಬರುತ್ತಿದ್ದದ್ದು ನಿಧಿಯಿಂದ. ನೆಲಮಾಳಿಗೆಯಿಂದ ಹೊರಗೆ ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. 1981ರ ಬೇಸಿಕ್ ಆವೃತ್ತಿಯಲ್ಲಿ ಒಂದು ಗಾಬ್ಲಿನ್ನನ್ನು ಕೊಂದರೆ ಸಿಗುತ್ತಿದ್ದದ್ದು 5 ಅಂಕ, ಅದನ್ನೂ ಎಲ್ಲರೂ ಹಂಚಿಕೊಳ್ಳಬೇಕು. ಹಾಗಾಗಿ ಬುದ್ಧಿವಂತರು ಜಗಳಕ್ಕೆ ಹೋಗುತ್ತಿರಲಿಲ್ಲ. ರಾಕ್ಷಸ ಮಲಗಿದ್ದಾಗ ಕಾಲ್ಬೆರಳ ಮೇಲೆ ನಡೆದು ಪೆಟ್ಟಿಗೆ ಎತ್ತಿಕೊಂಡು ಬರುತ್ತಿದ್ದರು. ಮುಂದಿನ ಆವೃತ್ತಿಗಳಲ್ಲಿ ಚಿನ್ನ ಹಿಂದೆ ಸರಿದು ಕೊಲ್ಲುವುದು ಮುಂದೆ ಬಂತು. ಆಟಗಾರರೂ ಬದಲಾದರು, ಕಂಡಿದ್ದನ್ನೆಲ್ಲ ಕಡಿಯತೊಡಗಿದರು. ಯಾವುದಕ್ಕೆ ಅಂಕವೋ ಅದೇ ಧರ್ಮ. ಉಪನ್ಯಾಸಕರ ಬಡ್ತಿಗೆ ಅಂಕಪಟ್ಟಿ ಬಂದಮೇಲೆ ನಮ್ಮ ಕಾಲೇಜುಗಳಲ್ಲಿ ಪ್ರಬಂಧಗಳ ಬೆಳೆ ಹೇಗೆ ಬಂತೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೇರೆ ಆಟಗಳು ಬೇರೆ ದಾರಿ ಹಿಡಿದವು. 1978ರ ರೂನ್‌ಕ್ವೆಸ್ಟ್‌ನಲ್ಲಿ ಒಟ್ಟು ಅಂಕವೆಂಬುದೇ ಇಲ್ಲ. ಯಾವ ವಿದ್ಯೆಯನ್ನು ಬಳಸಿ ಗೆದ್ದಿರೋ ಅದೇ ವಿದ್ಯೆ ಬೆಳೆಯಬಹುದು, ಅದೂ ಈಗಾಗಲೇ ಪಳಗಿದವನಿಗೆ ಬೆಳೆಯುವ ಸಾಧ್ಯತೆ ಕಡಿಮೆ, ಎಳಸಿಗೆ ಹೆಚ್ಚು. 2012ರ ಡಂಜನ್ ವರ್ಲ್ಡ್‌ನಲ್ಲಿ ದಾಳ ಕೈಕೊಟ್ಟಾಗ, ಅಂದರೆ ಸೋತಾಗ, ಒಂದು ಅಂಕ. ಇದು ನನಗೆ ತುಂಬ ಹಿಡಿಸಿದ ನಿಯಮ. ನನ್ನ ಪ್ರಯೋಗಾಲಯದಲ್ಲಿ ಇದು ಜಾರಿಯಾಗಿದ್ದರೆ ಇಷ್ಟುಹೊತ್ತಿಗೆ ನಾನು ಪ್ರೊಫೆಸರ್ ಆಗಿರುತ್ತಿದ್ದೆ.

ನಾನು ಈ ಆಟ ಕಲಿತ ಮೊದಲ ವರ್ಷ ಸೂತ್ರಧಾರ ಬೇರೆಯವನು. ಆ ಮಾರ್ಚಿಯಲ್ಲಿ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಆರು ವಾರ ಊರಿಗೆ ಹೋಗಿದ್ದೆ. ತಿರುಗಿ ಬಂದ ಮೊದಲ ಭಾನುವಾರ ಮೇಜಿನ ಮೇಲೆ ನನ್ನ ಪಾತ್ರದ ಹಾಳೆ ಸಿದ್ಧವಾಗಿತ್ತು. ಬಿಟ್ಟು ಹೋದಾಗ ಎರಡನೆಯ ಲೆವೆಲ್, ಈಗ ನಾಲ್ಕು, ಎಲ್ಲರಷ್ಟೇ. ‘ನಿನ್ನ ಪಾತ್ರ ಇಷ್ಟು ದಿನ ಬೆಟ್ಟದ ಮೇಲಿನ ಮಠದಲ್ಲಿ ಓದುತ್ತಾ ಕೂತಿತ್ತು’ ಎಂದ ಸೂತ್ರಧಾರ. ಅಷ್ಟೇ, ಆಟ ಶುರುವಾಯಿತು. ಆ ರಾತ್ರಿ ಉಳಿದವರೆಲ್ಲ ನಡುನಡುವೆ ಯಾವುದೋ ಸೇತುವೆಯ ಪ್ರಸಂಗ ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಅರ್ಥವಾಗದೆ. ಇಂದಿಗೂ ಆ ಸೇತುವೆಯ ಮೇಲೆ ಏನಾಯಿತೆಂದು ನನಗೆ ಸರಿಯಾಗಿ ಗೊತ್ತಿಲ್ಲ.

ಮರುವರ್ಷ ಸೂತ್ರಧಾರನ ಕುರ್ಚಿ ನನಗೆ ಬಂತು. ನಾನು ಲೆಕ್ಕದ ಮನುಷ್ಯ, ಬಂದವರಿಗೆ ಮಾತ್ರ ಅಂಕ ಎಂದು ಮೊದಲ ದಿನವೇ ಹೇಳಿದೆ. ಆ ಗೆಳತಿ ಓದಿನ ಜೊತೆಗೆ ವೃದ್ಧಾಶ್ರಮವೊಂದರಲ್ಲಿ ವಾರಾಂತ್ಯದ ಪಾಳಿ ಮಾಡುತ್ತಿದ್ದಳು. ಮೊದಮೊದಲು ತಪ್ಪದೆ ಬಂದಳು, ಆಮೇಲೆ ಪಾಳಿ ಬದಲಾಯಿತು. ಎರಡು ತಿಂಗಳ ನಂತರ ಒಂದು ಭಾನುವಾರ ಬಿಡುವು ಮಾಡಿಕೊಂಡು ಬಂದಾಗ ಅವಳ ಮಾಂತ್ರಿಕಳ ಲೆಕ್ಕದಲ್ಲಿ 900 ಅಂಕ, ಉಳಿದವರದು 6500.

ಅಂಕದ ಅಂತರ ಹಾಳೆಯ ಮೇಲೆ ಸಣ್ಣದಾಗಿ ಕಾಣುತ್ತದೆ. ಐದನೆಯ ಲೆವೆಲ್ಲಿಗೆ ಏರಿದವರಿಗೆ ತಕ್ಕ ಶತ್ರುಗಳನ್ನು ನಾನು ಇಟ್ಟಿದ್ದೆ. ಅದರಲ್ಲೊಬ್ಬ ಬೆಂಕಿಯ ಉಂಡೆ ಎಸೆಯುವ ಮಂತ್ರವಾದಿ. ಅದಕ್ಕೆ ಆರು ಮುಖದ ಎಂಟು ದಾಳ ಹಾಕಬೇಕು, ಸರಾಸರಿ 28ರಷ್ಟು ಪೆಟ್ಟು. ಮೂರನೆಯ ಲೆವೆಲ್ಲಿನ ಮಾಂತ್ರಿಕಳಿಗೆ ಇದ್ದ ಜೀವಬಲ 17. ಮೊದಲ ಸುತ್ತಿನಲ್ಲೇ ಉರುಳಿದಳು. ಅನಂತರ ಮುಕ್ಕಾಲು ಗಂಟೆ ನಮ್ಮ ಕಾಳಗ ನಡೆಯಿತು, ಅವಳು ಚಿಪ್ಸ್ ತಿನ್ನುತ್ತಾ ನೋಡಿದಳು. ಬಿಡುವು ಮಾಡಿಕೊಂಡು ಬಂದವಳು ಬಂದೂ ಬಾರದವಳಾದಳು.

ಹೊರಡುವಾಗ ನಾನು ಅವಳಿಗೆ ಗಣಿತ ವಿವರಿಸಿದೆ (ಈಗ ನೆನೆದರೆ ನಾಚಿಕೆ). ಆರನೆಯ ಲೆವೆಲ್ಲಿಗೆ 14000 ಬೇಕು. ಉಳಿದವರು ಇನ್ನು 7500 ಗಳಿಸಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ನೀನೂ ಜೊತೆಗಿದ್ದರೆ ನಿನ್ನದು 8400 ಆಗಿ ಐದನೆಯ ಲೆವೆಲ್ ದಾಟಿರುತ್ತದೆ, ಅಂತರ ತಾನಾಗಿಯೇ ಕರಗುತ್ತದೆ ಎಂದೆ. ಲೆಕ್ಕದಲ್ಲಿ ತಪ್ಪಿಲ್ಲ. ಹಳೆಯ ಆವೃತ್ತಿಗಳಲ್ಲೂ ಹೀಗೆಯೇ: ಯೋಧನ ಮೆಟ್ಟಿಲುಗಳು 2000, 4000, 8000, 16000 ಎಂದು ಇಮ್ಮಡಿಸುವುದರಿಂದ ತಡವಾಗಿ ಸೇರಿದವನು ಒಂದೇ ಮೆಟ್ಟಿಲು ಹಿಂದೆ ಉಳಿಯುತ್ತಾನೆ. ಆದರೆ ಈ ಕರುಣೆಯೆಲ್ಲ ಬರುತ್ತಲೇ ಇರಬಲ್ಲವನಿಗೆ. ಬರಲಾಗದವಳಿಗೆ ‘ಬರುತ್ತಿದ್ದರೆ ಸರಿಹೋಗುತ್ತದೆ’ ಎಂದು ಹೇಳಿದ್ದೆ ನಾನು. ಅವಳು ತಲೆಯಾಡಿಸಿ ಹೋದಳು, ಮತ್ತೆ ಬರಲಿಲ್ಲ.

ನನ್ನ ವಾದವೇನಿತ್ತು? ಮಾಡಿದ್ದುಣ್ಣೋ ಮಹಾರಾಯ: ದುಡಿದವರಿಗೆ ಕೂಲಿ. ಗುಂಪಿನಲ್ಲೊಬ್ಬ, ಒಂದು ವಾರವೂ ತಪ್ಪಿಸದವನು, ನನ್ನ ಪರ ನಿಂತಿದ್ದ. ‘ಬಾರದವರಿಗೂ ಅಷ್ಟೇ ಕೊಡುವುದಾದರೆ ನಾನು ಹಿಮದಲ್ಲಿ ಬಸ್ಸು ಹಿಡಿದು ಬಂದದ್ದು ಯಾತಕ್ಕೆ?’ ಬೈಬಲ್ಲಿನಲ್ಲಿ ದ್ರಾಕ್ಷಿತೋಟದ ಕೂಲಿಗಳ ಕತೆಯಿದೆ. ಬೆಳಗಿನಿಂದ ಬಿಸಿಲಲ್ಲಿ ದುಡಿದವರಿಗೂ ಸಂಜೆ ಒಂದು ತಾಸು ದುಡಿದವರಿಗೂ ಯಜಮಾನ ಒಂದೇ ಕೂಲಿ ಕೊಟ್ಟಾಗ ಮೊದಲಿನವರು ಗೊಣಗುತ್ತಾರೆ. ಆ ಗೊಣಗಾಟದಲ್ಲಿ ನ್ಯಾಯವಿಲ್ಲ ಎಂದು ನಾನು ಹೇಳಲಾರೆ. ಕೂಲಿಯ ಮಾತಾದರೆ ಅವರ ಕಡೆಯೇ ನಿಲ್ಲುತ್ತೇನೆ.

ಆದರೆ ಈ ಅಂಕ ಕೂಲಿಯೇ? ಅವನು ಹಿಮದಲ್ಲಿ ಬಂದದ್ದಕ್ಕೆ ಪ್ರತಿಫಲ ಅವನಿಗೆ ಆಗಲೇ ಸಿಕ್ಕಿತ್ತು. ಆ ಸಂಜೆಗಳು, ಆ ನಗು, ಕತೆಯಲ್ಲಿ ಅವನು ತೆಗೆದುಕೊಂಡ ತೀರ್ಮಾನಗಳು. ಅವಳಿಗೆ 5600 ಅಲ್ಲ, 56000 ಅಂಕ ಕೊಟ್ಟರೂ ಅದರಲ್ಲಿ ಒಂದು ಕೂದಲೆಳೆ ಅವನಿಂದ ಹೋಗುತ್ತಿರಲಿಲ್ಲ, ಅವಳಿಗೆ ಬರುತ್ತಲೂ ಇರಲಿಲ್ಲ. ನಾಲ್ಕನೆಯ ಲೆವೆಲ್ ಬಿಟ್ಟಿಯಾಗಿ ಸಿಕ್ಕರೂ ಸೇತುವೆ ನನಗೆ ಸಿಗಲಿಲ್ಲವಲ್ಲ, ಹಾಗೆ. ಅನುಭವವನ್ನು ಕೊಡಲು ಆಗುವುದಿಲ್ಲ, ಅಂದಮೇಲೆ ಅಂಕ ಹಿಡಿದಿಟ್ಟು ನಾನು ಕಾಪಾಡಿದ್ದು ಏನನ್ನು? ಆಟದ ಒಳಗೆ ಆ ಅಂಕ ಮಾಡುವ ಕೆಲಸ ಒಂದೇ: ಮುಂದಿನ ವಾರ ಯಾರು ಎದ್ದು ನಿಂತು ಆಡಬಲ್ಲರು, ಯಾರು ಮೊದಲ ಸುತ್ತಿಗೇ ಬೀಳುತ್ತಾರೆ ಎಂದು ತೀರ್ಮಾನಿಸುವುದು. ಕೊಳಲನ್ನು ಚೆನ್ನಾಗಿ ನುಡಿಸಬಲ್ಲವನಿಗೇ ಕೊಡಬೇಕು ಎಂದು ಅರಿಸ್ಟಾಟಲ್ ವಾದಿಸಿದ್ದಾನೆ. ಕೊಳಲು ಇರುವುದು ನುಡಿಸುವುದಕ್ಕಾದ್ದರಿಂದ. ಸರಿ, ಈ ಅಂಕ ಇರುವುದು ಯಾತಕ್ಕೆ? ಒಟ್ಟಿಗೆ ಆಡುವುದಕ್ಕೆ ಎಂದಾದರೆ ಯಾರಿಗೆ ಕೊಡಬೇಕೆಂಬುದು ಅಷ್ಟು ಕಷ್ಟದ ಪ್ರಶ್ನೆಯಲ್ಲ.

ಹಬ್ಬಕ್ಕೆ ಬಾರದವರ ಪಾಲಿನ ಹೋಳಿಗೆಯನ್ನು ಅಮ್ಮ ಡಬ್ಬಿಯಲ್ಲಿ ಎತ್ತಿಡುತ್ತಾಳೆ. ಒರಳ ಮುಂದೆ ಕೂತು ಹೂರಣ ರುಬ್ಬಿದವರು ಯಾರೂ ಇದಕ್ಕೆ ತಕರಾರು ತೆಗೆದದ್ದು ನೋಡಿಲ್ಲ. ಇಂಥ ಮನೆಯಲ್ಲಿ ಬೆಳೆದವನು, ಹಿಂದಿನ ವರ್ಷ ತಾನೇ ಎರಡು ಲೆವೆಲ್ ಪುಕ್ಕಟೆ ಪಡೆದವನು, ಕುರ್ಚಿ ಸಿಕ್ಕ ಕೂಡಲೇ ಹಾಜರಿ ಪುಸ್ತಕ ತೆರೆದೆ. ಇದು ನನಗೆ ಪೂರ್ತಿ ಅರ್ಥವಾಗಿಲ್ಲ. ಅಪ್ಪನ ಕಾಯಿಲೆ ದೊಡ್ಡ ಕಾರಣ, ವಾರಾಂತ್ಯದ ಪಾಳಿ ಬರೀ ಕೆಲಸ ಎಂದು ಒಳಗೊಳಗೇ ದರ್ಜೆ ಹಚ್ಚಿದ್ದೆನೋ ಏನೋ.

ಈಗಿನ ಆಟದಲ್ಲಿ ಅಂಕ ಎಣಿಸುವುದನ್ನೇ ಬಿಟ್ಟಿದ್ದೇನೆ. ಕತೆಯಲ್ಲಿ ದೊಡ್ಡ ತಿರುವು ಬಂದಾಗ ಎಲ್ಲರಿಗೂ ಒಟ್ಟಿಗೆ ಲೆವೆಲ್ ಏರುತ್ತದೆ, ಬಂದವರಿಗೂ ಬಾರದವರಿಗೂ. ಹಿಮದಲ್ಲಿ ಬರುತ್ತಿದ್ದ ಗೆಳೆಯ ಎರಡು ವಾರ ಮುಖ ಊದಿಸಿಕೊಂಡಿದ್ದ, ಈಗ ಸರಿಹೋಗಿದ್ದಾನೆ. ಗೆಳತಿಯ ಹಾಳೆ ನನ್ನ ಫೈಲಿನಲ್ಲೇ ಇತ್ತು. ಹೋದ ತಿಂಗಳು ತೆಗೆದು, 900 ಅಳಿಸಿ 6500 ಎಂದು ಬರೆದೆ. ಅವಳಿಗೆ ಇನ್ನೂ ಹೇಳಿಲ್ಲ. ಅವಳ ಪಾಳಿ ಬದಲಾಗಿಲ್ಲ, ಭಾನುವಾರ ಸಂಜೆ ಅವಳು ಈಗಲೂ ಅಲ್ಲೇ ಇರುತ್ತಾಳೆ. ನಮ್ಮ ಆಟವನ್ನು ಬೇರೆ ದಿನಕ್ಕೆ ಸರಿಸಬಹುದೇ ಎಂದು ಉಳಿದವರನ್ನು ಕೇಳಬೇಕು.