ಇಂದಿನ ಧಮ್ಮ ಚಿಂತನೆ: ಹೊಡೆತಕ್ಕೆ ಬಲ ಎಲ್ಲಿಂದ ಬರುತ್ತದೆ?



ಇವತ್ತು ಗಾಲ್ಫ್ ಆಟದ ಬಗ್ಗೆ ಬರೆಯುತ್ತಿದ್ದೇನೆ. ದುಡ್ಡಿದ್ದವರ ಆಟ ನಮಗೇಕೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದಾನೆ. ಆಡುವವರ ಕೋಲುಗಳ ಚೀಲ ಹೊತ್ತು ಅವರ ಜೊತೆ ನಡೆಯುವುದು ಅವನ ಕೆಲಸ. ಹೋದ ಭಾನುವಾರ ಮನೆಗೆ ಬಂದಿದ್ದ.

ಆ ದಿನ ನನ್ನ ಮನಸ್ಸು ಕದಡಿತ್ತು. ಎರಡು ದಿನದ ಹಿಂದೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಮೀಸಲಾತಿಯಲ್ಲಿ ಓದಿ ಬಂದವರ ಬಗ್ಗೆ ಹಗುರವಾಗಿ ಮಾತಾಡಿದ್ದರು. ನಾನು ಎದ್ದು ಕೂಗಾಡಿದೆ, ಮೇಜು ಗುದ್ದಿದೆ. ಸಂಜೆಯ ಹೊತ್ತಿಗೆ ಅವರಾಡಿದ ಮಾತು ಎಲ್ಲರಿಗೂ ಮರೆತುಹೋಗಿತ್ತು. ನಾನು ಮೇಜು ಗುದ್ದಿದ್ದು ಮಾತ್ರ ನೆನಪಿತ್ತು. ನನ್ನ ಕಡೆ ಸತ್ಯವಿತ್ತು, ಆದರೆ ಅದು ಗುರಿ ಮುಟ್ಟಲಿಲ್ಲ.

ಇದನ್ನು ಕೇಳಿದ ಹುಡುಗ ನಕ್ಕ. “ಸಾರ್, ನಾವು ದಿನಾ ನೋಡೋದು ಇದನ್ನೇ. ಜೋರಾಗಿ ಹೊಡೀಬೇಕು ಅಂತ ಬರ್ತಾರೆ. ಎಷ್ಟು ಬಿಗಿಯಾಗಿ ಹಿಡೀತಾರೋ ಬಾಲ್ ಅಷ್ಟು ಪಕ್ಕಕ್ಕೆ ಹೋಗುತ್ತೆ” ಎಂದ. ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಎದ್ದು ನಿಂತು ತೋರಿಸಿದ.

ಅವನು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಹೊಡೆತದ ಬಲ ತೋಳಿನದಲ್ಲ, ನೆಲದ್ದು. ಕೋಲನ್ನು ಹಿಂದಕ್ಕೆ ಎತ್ತುವಾಗ ಮೈಭಾರ ಬಲಗಾಲಿಗೆ ಹೋಗುತ್ತದೆ. ಇಳಿಸುವಾಗ ಮೊದಲು ಎಡಗಾಲು ನೆಲವನ್ನು ಒತ್ತಬೇಕು. ಆಮೇಲೆ ಸೊಂಟ ತಿರುಗಬೇಕು, ಅದರ ಹಿಂದೆ ಎದೆ, ಎದೆಯ ಹಿಂದೆ ತೋಳು, ಕೊನೆಗೆ ಮಣಿಕಟ್ಟು ಮತ್ತು ಕೋಲು. ಒಂದರ ವೇಗ ಇನ್ನೊಂದಕ್ಕೆ ದಾಟುತ್ತಾ ಹೋಗಿ ಕೋಲಿನ ತುದಿಯಲ್ಲಿ ಸೇರುತ್ತದೆ. ಆತುರದವನು ತೋಳನ್ನೇ ಮೊದಲು ಬೀಸುತ್ತಾನೆ. ಆಗ ಕೋಲು ಹೊರಗಿನಿಂದ ಒಳಕ್ಕೆ ಅಡ್ಡಲಾಗಿ ಇಳಿದು, ಚೆಂಡು ಬಲಕ್ಕೆ ಬಾಗಿ ಪೊದೆ ಸೇರುತ್ತದೆ. ಕೋಲು ಚೆಂಡನ್ನು ಮುಟ್ಟುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಷ್ಟು ಹೊತ್ತು ಮಾತ್ರ. ಆ ಗಳಿಗೆಯಲ್ಲಿ ಏನನ್ನೂ ತಿದ್ದಲಾಗದು. ತಿದ್ದುವುದೆಲ್ಲ ಅದಕ್ಕೂ ಮೊದಲೇ ಆಗಿರಬೇಕು.

“ದಿನಾ ಒಂದೇ ಥರ ಹೊಡೆಯೋದು ಹೇಗಪ್ಪಾ?” ಎಂದೆ. “ಪ್ರತಿ ಸಲ ಒಂದೇ ಥರ ನಿಲ್ಲಬೇಕು, ಒಂದೇ ಲಯದಲ್ಲಿ ಎತ್ತಬೇಕು ಸಾರ್. ಹೊಡೆದ ಮೇಲೆ ಬಾಲ್ ಬೀಳೋವರೆಗೂ ಅಲುಗಾಡದೆ ನಿಂತಿರೋಕೆ ಆಗಬೇಕು. ನಿಲ್ಲೋಕಾಗದೆ ತಡವರಿಸಿದರೆ ಮೈಮರೆತು ಹೊಡೆದಿದ್ದೀವಿ ಅಂತ ಅರ್ಥ” ಎಂದ.

ಬಂಧುಗಳೇ, ಬಾಬಾಸಾಹೇಬರು ‘ಬುದ್ಧ ಅಥವಾ ಕಾರ್ಲ್ ಮಾರ್ಕ್ಸ್’ ಬರಹದಲ್ಲಿ ತಮ್ಮ ಗುರು ಡ್ಯೂಯಿ ಅವರ ವಿಚಾರವನ್ನು ನೆನೆಯುತ್ತಾ, ಬಲವನ್ನು ಶಕ್ತಿಯಾಗಿ ಬಳಸುವುದು ಬೇರೆ, ಹಿಂಸೆಯಾಗಿ ಬಳಸುವುದು ಬೇರೆ ಎಂಬ ಭೇದವನ್ನು ಮುಂದಿಡುತ್ತಾರೆ. ಓದಿ ವರ್ಷಗಳಾಗಿತ್ತು. ಒಂದು ಕೊಡೆಯ ಬೀಸಿನಲ್ಲಿ ಅದು ನನಗೆ ಕಣ್ಣಿಗೆ ಕಂಡಿತು. ಧಮ್ಮ ನಮಗೆ ಸುಮ್ಮನಿರು ಎಂದು ಹೇಳುವುದಿಲ್ಲ. ಅನ್ಯಾಯದ ಎದುರು ಎದ್ದು ನಿಲ್ಲಲೇಬೇಕು. ಆದರೆ ತೋಳು ಮೊದಲಾಗಬಾರದು. ಕಾಲು ನೆಲದ ಮೇಲಿರಬೇಕು. ನಮ್ಮ ನೆಲವೇ ಶೀಲ.

ವೀಣೆಯ ತಂತಿಯನ್ನು ಅತಿ ಬಿಗಿ ಮಾಡಿದರೂ ನಾದವಿಲ್ಲ, ಸಡಿಲ ಬಿಟ್ಟರೂ ನಾದವಿಲ್ಲ ಎಂಬುದನ್ನು ಭಗವಾನರು ಭಿಕ್ಷು ಸೋಣನಿಗೆ ತಿಳಿಸಿಕೊಟ್ಟರು. ಕಾಲು ಒಡೆದು ರಕ್ತ ಬರುವಷ್ಟು ಸಾಧನೆ ಮಾಡಿ ಸೋತವನು ಸೋಣ. ಅವನಿಗೆ ಪ್ರಯತ್ನ ಬಿಡು ಎನ್ನಲಿಲ್ಲ, ಹದ ಮಾಡಿಕೋ ಎಂದರು.

ಇನ್ನೊಂದು ಮಾತು. ಚೀಲ ಹೊರುವವನಿಗೆ ಆಟ ತಿಳಿಯದು ಎಂದುಕೊಳ್ಳುವುದು ಹಳೆಯ ರೋಗ, ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದ ಅಗಸ್ಟಾ ನ್ಯಾಷನಲ್ ಕ್ಲಬ್ಬಿನಲ್ಲಿ ದಶಕಗಳ ಕಾಲ ಚೀಲ ಹೊತ್ತವರು ಕಪ್ಪು ಜನ. ಅಲ್ಲಿನ ಮಾಸ್ಟರ್ಸ್ ಪಂದ್ಯಾವಳಿಯಲ್ಲಿ ಕಪ್ಪು ಆಟಗಾರರೊಬ್ಬರು, ಲೀ ಎಲ್ಡರ್, ಮೊದಲ ಸಲ ಆಡಿದ್ದು 1975ರಲ್ಲಿ. ಕ್ಲಬ್ಬು ಮೊದಲ ಕಪ್ಪು ಸದಸ್ಯರನ್ನು ಸೇರಿಸಿಕೊಂಡದ್ದು 1990ರಲ್ಲಿ. 1997ರಲ್ಲಿ ಅದೇ ಮೈದಾನದಲ್ಲಿ 21 ವರ್ಷದ ಟೈಗರ್ ವುಡ್ಸ್ 12 ಹೊಡೆತಗಳ ಅಂತರದಿಂದ ಗೆದ್ದರು. ಅವರ ತಂದೆ ಕಪ್ಪು ಜನಾಂಗದವರು, ತಾಯಿ ಥಾಯ್ಲೆಂಡಿನ ಬೌದ್ಧರು.

ಅಂಥ ಗೆಲುವಿನ ಮೇಲೂ ವುಡ್ಸ್ ತಮ್ಮ ಸ್ವಿಂಗ್ ಅನ್ನು ಬಿಡಿಸಿ, ತರಬೇತುದಾರರೊಂದಿಗೆ ಮತ್ತೆ ಕಟ್ಟಿಕೊಂಡರು. 1998ರಲ್ಲಿ ಪಿಜಿಎ ಟೂರ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಗೆಲುವು. ಆದರೂ ಹಳೆಯ ದಾರಿಗೆ ಮರಳಲಿಲ್ಲ. 2000ರ ಯುಎಸ್ ಓಪನ್ ಅನ್ನು 15 ಹೊಡೆತಗಳ ಅಂತರದಿಂದ ಗೆದ್ದರು. ಮುಂದೆ ಅದೇ ಮನುಷ್ಯ ಖಾಸಗಿ ಬದುಕಿನಲ್ಲಿ ಎಡವಿದರು. 2010ರಲ್ಲಿ ಎಲ್ಲರ ಮುಂದೆ ತಪ್ಪೊಪ್ಪಿಕೊಂಡಾಗ, ತಾಯಿ ಕಲಿಸಿದ ಬೌದ್ಧ ಧರ್ಮದಿಂದ ತಾವು ದೂರ ಸರಿದದ್ದನ್ನೂ ತೃಷ್ಣೆಯನ್ನೂ ನೆನೆದರು. ಸ್ವಿಂಗ್ ಕಟ್ಟಿದ್ದು ಮೈದಾನದಲ್ಲಿ ಕಾಯುತ್ತದೆ. ಬದುಕನ್ನು ಕಾಯಲು ಶೀಲವನ್ನು ಬೇರೆಯಾಗಿಯೇ ಕಟ್ಟಬೇಕು.

ನಮ್ಮನ್ನೂ ಕೇಳಿಕೊಳ್ಳೋಣ. ಏಪ್ರಿಲ್ 14ಕ್ಕೆ, ಅಕ್ಟೋಬರ್ 14ಕ್ಕೆ ನಾವು ಎಷ್ಟು ಜೋರಾಗಿ ಬೀಸುತ್ತೇವೆ! ಉಳಿದ ದಿನಗಳಲ್ಲಿ ಪಂಚಶೀಲ ಎಲ್ಲಿರುತ್ತದೆ? ಮಕ್ಕಳ ಓದು, ಭಾನುವಾರದ ವಂದನೆ, ಮನೆಯವರೊಡನೆ ಆಡುವ ಮಾತು ಎಲ್ಲಿರುತ್ತವೆ? ಸಮ್ಮಾ ವಾಯಾಮ ಎಂದರೆ ಕೆಟ್ಟ ಮನೋಭಾವ ಹುಟ್ಟದಂತೆ ತಡೆಯುವುದು, ಹುಟ್ಟಿದ್ದನ್ನು ಅಡಗಿಸುವುದು, ಒಳ್ಳೆಯದನ್ನು ಹುಟ್ಟಿಸುವುದು, ಹುಟ್ಟಿದ್ದನ್ನು ಬೆಳೆಸುವುದು. ಇದು ವರ್ಷಕ್ಕೆರಡು ದಿನದ ಕೆಲಸವಲ್ಲ.

ಸೋಮವಾರ ನಾನು ಆ ಸಹೋದ್ಯೋಗಿಯ ಪಕ್ಕ ಹೋಗಿ ಕುಳಿತೆ. ಎಲ್ಲರೂ ಇದ್ದರು. “ಸಾರ್, ಅವತ್ತು ನೀವು ಹೇಳಿದ್ದು ನಮ್ಮ ತರಗತಿಯ ಮಕ್ಕಳಿಗೂ ಅನ್ವಯಿಸುತ್ತೆ. ಅವರ ಮುಂದೆ ನಿಂತು ಆ ಮಾತು ಹೇಳ್ತೀರಾ?” ಎಂದು ಕೇಳಿದೆ. ದನಿ ಏರಲಿಲ್ಲ. ಅವರು ಉತ್ತರಿಸಲಿಲ್ಲ, ತಪ್ಪಾಯಿತು ಎಂದೂ ಅನ್ನಲಿಲ್ಲ. ಆದರೆ ಈ ಸಲ ಆ ಕೋಣೆಯಲ್ಲಿ ಉಳಿದದ್ದು ನನ್ನ ಪ್ರಶ್ನೆ.

ಇಂದಿನ ಅಭ್ಯಾಸ: ಸಿಟ್ಟು ಬಂದಾಗ ಮೊದಲು ಎರಡೂ ಪಾದ ನೆಲಕ್ಕೆ ಊರಿದೆಯೇ ನೋಡಿಕೊಳ್ಳೋಣ. ಮೂರು ಉಸಿರು ಗಮನಿಸೋಣ. ಆಮೇಲೆ ಮಾತಾಡೋಣ, ಆದರೆ ಮಾತಾಡದೆ ಬಿಡುವುದು ಬೇಡ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏